ಹೆಜ್ಜೆ ಅರ್ಧ ಮಾಡಿದ ಲೆಕ್ಕದಕ್ಕ

ಸೇತುವೆಗಳ ವಿನ್ಯಾಸ ಮಾಡುವ ನಮ್ಮ ಆಫೀಸಿನಲ್ಲಿ ಲೆಕ್ಕದಕ್ಕ ಎಂದರೆ ಎಲ್ಲರಿಗೂ ಸ್ವಲ್ಪ ನಗು, ಸ್ವಲ್ಪ ಭಯ. ಜನರ ತುಳಿತಕ್ಕೆ ಸೇತುವೆ ಎಷ್ಟು ತೂಗಾಡುತ್ತದೆ, ಆ ತೂಗಾಟ ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಅಂಥ ಸಮೀಕರಣಗಳು ಒಂದೇ ಏಟಿಗೆ ಬಗ್ಗುವುದಿಲ್ಲ. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಈ ಕ್ಷಣದಿಂದ ಮುಂದಿನ ಕ್ಷಣಕ್ಕೆ ಉತ್ತರ ಹುಡುಕುತ್ತ ಹೋಗಬೇಕು. ಕೊನೆಗೆ ಹೆಜ್ಜೆಯನ್ನು ಅರ್ಧ ಮಾಡಿ ಎಲ್ಲವನ್ನೂ ಮತ್ತೊಮ್ಮೆ ಮಾಡುವುದು ಅಕ್ಕನ ಹಟ.

"ಎರಡು ಸಲಾನೂ ಒಂದೇ ಉತ್ತರ ಬಂದ್ರೆ ನಂಬು. ಇಲ್ಲಾಂದ್ರೆ ನಿಮ್ಮಪ್ಪ ಹೇಳಿದ್ರೂ ನಂಬಬೇಡ," ಎನ್ನುತ್ತಿದ್ದರು.

ತಮ್ಮ ಅಮ್ಮ ತೀರಿಕೊಂಡ ಮೇಲೆ ಅವರು ಮನೆಯಲ್ಲಿ ಒಬ್ಬರೇ. ನಾಲಿಗೆ ಖಾರ, ಹಾಗಾಗಿ ಆಫೀಸಿನಲ್ಲೂ ಅವರ ಮೇಜಿನತ್ತ ಯಾರೂ ಸುಳಿಯುತ್ತಿರಲಿಲ್ಲ. ನಾನೊಬ್ಬಳು ಮಧ್ಯಾಹ್ನ ಅವರ ಜೊತೆ ಊಟಕ್ಕೆ ಕೂರುತ್ತಿದ್ದೆ. ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಅರ್ಧ ಗಂಟೆ ಮಾತ್ರ.

ನಾಲೆಯ ಮೇಲಿನ ಕಾಲುಸೇತುವೆ ನನ್ನ ಮೊದಲ ಸ್ವಂತ ಕೆಲಸ. ಬೇಗ ಮುಗಿಸಿಕೊಡಿ ಎಂದು ಅಕ್ಕನ ಪ್ರಾಣ ತಿಂದೆ. ನನ್ನ ಕಾಟ ತಾಳದೆ ಅವರು ಆ ಒಂದು ಸಲ ಹೆಜ್ಜೆ ಅರ್ಧ ಮಾಡದೆಯೇ ಸಹಿ ಹಾಕಿದರು. ಅವರ ಲೆಕ್ಕದಲ್ಲಿ ನಲವತ್ತು ಸೆಕೆಂಡಿಗೆ ತೂಗಾಟ ಅಡಗಿತ್ತು. ಸಾಹೇಬರು ನನ್ನ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಹನ್ನೊಂದು ದಿನ ಕಳೆದು, ಬೆಳಿಗ್ಗೆ ನಾನಿನ್ನೂ ಬ್ಯಾಗು ಇಳಿಸುವ ಮೊದಲೇ ಅಕ್ಕ ಬಂದು ನಿಂತರು.

"ತಂಗಿ, ಮನಸ್ಸು ತಡೀಲಿಲ್ಲ, ಹೆಜ್ಜೆ ಅರ್ಧ ಮಾಡಿ ನೋಡ್ದೆ. ನಲವತ್ತು ಎಂಬತ್ತಾಯ್ತು. ಮತ್ತೆ ಅರ್ಧ ಮಾಡ್ದೆ, ನೂರೈವತ್ತು ದಾಟ್ತು. ನಿನ್ನ ಸೇತುವೆ ತೂಗಾಡ್ತಾನೇ ಇರುತ್ತೆ ಕಣೇ."

ನನಗೆ ಅರ್ಥವಾಯಿತು. ಲೆಕ್ಕದ ವಿಧಾನವೇ ಪ್ರತಿ ಹೆಜ್ಜೆಗೂ ತೂಗಾಟವನ್ನು ಒಂಚೂರು ಕದಿಯುತ್ತಿತ್ತು. ಹೆಜ್ಜೆ ದೊಡ್ಡದಾದಷ್ಟೂ ಕಳ್ಳತನ ದೊಡ್ಡದು.

"ಸಾಹೇಬ್ರಿಗೆ ಹೇಳ್ಬೇಡಿ ಅಕ್ಕ. ಬಿದ್ದೇನೂ ಹೋಗಲ್ಲ. ಹೇಳಿದ್ರೆ ಈ ಕೆಲಸ ನನ್ನ ಕೈಬಿಟ್ಟು ಹೋಗುತ್ತೆ."

"ಮಕ್ಕಳು ಮರಿ ಓಡಾಡೋ ಜಾಗ ಅದು." ಹೊರಡಲು ತಿರುಗಿದವರು ನಿಂತು ಕೇಳಿದರು: "ನನ್ನ ಹತ್ರ ಮಾತು ಬಿಟ್ಬಿಡ್ತೀಯಾ?"

ನಾನು ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದೆ. ಅವರು ಸಾಹೇಬರ ಕೋಣೆಗೆ ಹೋದರು.

ಸೇತುವೆ ಬೇರೆಯವರ ಪಾಲಾಯಿತು. ತೂಗಾಟ ತಡೆಯುವ ಭಾರಗಳನ್ನು ಅದಕ್ಕೆ ಜೋಡಿಸಿದರು. ನಾನು ಮಾತು ಬಿಟ್ಟೆ, ಊಟಕ್ಕೆ ಬೇರೆ ಮೇಜು ಹಿಡಿದೆ. ಮರುವರ್ಷ ಅಕ್ಕ ನಿವೃತ್ತರಾದಾಗ ಬೀಳ್ಕೊಡುಗೆಗೂ ಹೋಗಲಿಲ್ಲ. ಅಷ್ಟು ಸಣ್ಣ ಬುದ್ಧಿ ನನ್ನದು.

ಆಮೇಲೊಂದು ಮಂಗಳವಾರ ಆ ಸೇತುವೆಯ ಹಳೆಯ ಫೈಲಿನಲ್ಲಿ ಅವರು ಸಾಹೇಬರಿಗೆ ಬರೆದುಕೊಟ್ಟ ಹೇಳಿಕೆ ಸಿಕ್ಕಿತು. "ಅವಸರ ಮಾಡಿದ್ದು ನಾನೇ, ಹುಡುಗಿಯ ತಪ್ಪಿಲ್ಲ" ಎಂದು ಬರೆದಿದ್ದರು. ಮುಖಕ್ಕೆ ಹೊಡೆದಂತಾಯಿತು. ಅಂದೇ ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ.

ಬಾಗಿಲು ತೆರೆದ ಅಕ್ಕ ನನ್ನನ್ನು ಕಂಡು ಬಾಯಿ ತೆರೆದರು, ದನಿ ಹೊರಡಲಿಲ್ಲ. ಎರಡು ಸಲ ಕೆಮ್ಮಿದರು.

"ಒಂದ್ನಿಮಿಷ ತಡಿ ತಂಗಿ," ಎಂದರು, "ಶುಕ್ರವಾರದಿಂದ ಯಾರ ಹತ್ರಾನೂ ಮಾತಾಡಿಲ್ಲ, ಗಂಟಲು ಕಟ್ಟಿದೆ."