ಮುಪ್ಪು ಓದಿದವಳ ಸಿಟ್ಟು

ಯಾರಾದರೂ "ಏನು ಓದೀರಿ?" ಎಂದು ಕೇಳಿದರೆ ನಾನು "ಬಿ.ಎ." ಎಂದಷ್ಟೇ ಹೇಳಿ ಮಾತು ತಿರುಗಿಸಲು ನೋಡುತ್ತೇನೆ. ಬಿಡದೆ "ಯಾವುದರಾಗ?" ಎಂದರೆ ಮಾತ್ರ ಎದೆ ಗಟ್ಟಿ ಮಾಡಿಕೊಂಡು "ವೃದ್ಧಾಪ್ಯಶಾಸ್ತ್ರ" ಎನ್ನುತ್ತೇನೆ. ಆಮೇಲೆ ಬರುವ ನಗು ನನಗೆ ಬಾಯಿಪಾಠವಾಗಿದೆ.

ದೊಡವಾಡದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತೊಂಬತ್ತರ ದಶಕದ ಕೊನೆಯಲ್ಲಿ, ನಸುಕಿನಲ್ಲೆದ್ದು ಸಗಣಿ ಬಳಿದು, ಧಾರವಾಡದ ಬಸ್ಸಿಗೆ ಓಡಿ, ಹಾಲಿನ ಕ್ಯಾನುಗಳ ನಡುವೆ ಒಂಟಿಗಾಲಲ್ಲಿ ನಿಂತು ಗಳಿಸಿದ ಪದವಿ ಅದು. ವಿಷಯ ಹೊಸದು, ಸೇರುವವರಿಲ್ಲದೆ ಸೀಟು ಖಾಲಿ ಇತ್ತು. ನನಗೆ ಸೀಟು ಬೇಕಿತ್ತು. ಸೇರಿದ ಮೇಲೆ ಬಿಡಲಾರದಷ್ಟು ಹಿಡಿಸಿತು. ಆದರೆ ಅಪ್ಪನ ತಮ್ಮ, ನಮ್ಮ ಕಾಕಾ, ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿಕೊಂಡು, "ಮುಪ್ಪ ಬರಾಕ ಡಿಗ್ರಿ ಬೇಕೇನವಾ? ನಮ್ಮ ಎತ್ತು ಸಾಲಿ ಕಲೀದನಽ ಮುದಿಯಾಗೇತಲ್ಲ!" ಎಂದ. ಆ ನಾಲ್ವರೂ ನಕ್ಕರು. ಎತ್ತಿಗೂ ನನಗೂ ಅಂದಿನಿಂದ ಒಂದು ನಂಟು.

ನನಗೆ ತಿಳಿಯದ್ದು ಇದು: ಕೂಸಿಗೆ ಡಾಕ್ಟರು ಬೇಕು, ಎಮ್ಮೆಗೆ ಡಾಕ್ಟರು ಬೇಕು, ಹತ್ತಿಗೆ ಬೀಳುವ ಹುಳದ ಬಗ್ಗೆ ಓದಿದವನು ಜೀಪಿನಲ್ಲಿ ಬಂದರೆ ಊರೇ ಎದ್ದು ಕುರ್ಚಿ ಹಾಕುತ್ತದೆ. ಮುದುಕರ ಬಗ್ಗೆ ಓದಿದೆ ಎಂದರೆ ಮಾತ್ರ ಹಲ್ಲು ಕಿರಿಯುತ್ತದೆ. ಹುಳಕ್ಕಿರುವ ಮರ್ಯಾದೆ ಹೆತ್ತವರಿಗಿಲ್ಲವೇ?

ಹಾಗೆಂದು ನಮ್ಮ ಪಠ್ಯಪುಸ್ತಕಗಳೇನೂ ಸಾಚಾ ಅಲ್ಲ. ನಿವೃತ್ತಿಯಾದ ಮೇಲೆ ಮುಪ್ಪು ಶುರು ಎಂದು ಅವು ಹೇಳುತ್ತಿದ್ದವು. ನಮ್ಮ ಕಡೆ ನಿವೃತ್ತಿ ಯಾರಿಗಿದೆ? 'ವೃದ್ಧರ ಬಿಡುವಿನ ವೇಳೆ' ಎಂಬ ಅಧ್ಯಾಯವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ, ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ಒಂದು ಕೈಯಲ್ಲಿ ಶೇಂಗಾ ಸುಲಿಯುತ್ತ ಇನ್ನೊಂದು ಕೈಯಲ್ಲಿ ತೊಟ್ಟಿಲು ತೂಗುತ್ತಿದ್ದಳು. "ಬಿಡುವು ಅಂದ್ರ ಏನಬೇ?" ಎಂದು ಕೇಳಿದಳು. ಪುಸ್ತಕ ಮುಚ್ಚಿಟ್ಟೆ.

ಕೊನೆಯ ವರ್ಷ ಊರೂರು ತಿರುಗಿ ಹಿರಿಯರನ್ನು ಮಾತಾಡಿಸಬೇಕಿತ್ತು. ಕಿತ್ತೂರಿನ ಒಂದು ಮನೆಯಲ್ಲಿ ಅಜ್ಜನೊಬ್ಬನಿಗೆ, "ರಾತ್ರಿ ನಿದ್ದಿ ಬರತೈತೇನ್ರಿ?" ಎಂದೆ. ಅಡಿಗೆಮನೆಯಿಂದ ಸೊಸೆ, "ಭಾಳ ಛಲೋ ಬರತೈತ್ರಿ!" ಎಂದಳು. ಅಜ್ಜ ನನ್ನನ್ನು ನೋಡಿ, ಇಲ್ಲವೆಂದು ಬೆರಳು ಅಲ್ಲಾಡಿಸಿದ. ರಾಮದುರ್ಗದಲ್ಲಿ ಇನ್ನೊಬ್ಬ ಅಜ್ಜನಿಗೆ, "ಉಣ್ಣಾಕ ಏನ ಸೇರತೈತ್ರಿ?" ಎಂದೆ. "ಗಂಜಿ, ಅವ್ರಿಗೆ ಗಂಜಿ ಅಂದ್ರ ಜೀವಾ" ಎಂದು ಮಗ ಉತ್ತರ ಕೊಟ್ಟ. ಮಗ ನೀರು ತರಲು ಒಳಗೆ ಹೋದದ್ದೇ ತಡ, ಅಜ್ಜ ಬಗ್ಗಿ ನನ್ನ ಕಿವಿಯಲ್ಲಿ, "ಮೆಣಸಿನಕಾಯಿ ಬಜಿ" ಎಂದ. ಸವದತ್ತಿಯಲ್ಲೂ ಇದೇ, ನೇಸರಗಿಯಲ್ಲೂ ಇದೇ. ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತೇವೆ, ಮದುವೆಯಲ್ಲಿ ಮೊದಲ ಅಕ್ಕಿಕಾಳು ಅವರ ಕೈಗೇ ಕೊಡುತ್ತೇವೆ. ಬಾಯಿಗೆ ಮಾತ್ರ ಬೀಗ. ಪುಸ್ತಕ ಏನೇ ಹೇಳಲಿ, ನಿಮಗೆ ಕೇಳಿದ ಪ್ರಶ್ನೆಗೆ ಮಗ್ಗುಲಲ್ಲಿದ್ದವರು ಉತ್ತರ ಕೊಟ್ಟ ದಿನ ನಿಮಗೆ ಮುಪ್ಪು ಬಂತೆಂದು ತಿಳಿಯಿರಿ.

ಪದವಿ ಮುಗಿದು ಕೆಲವು ವರ್ಷಗಳ ನಂತರ ಆಯಿಯ ಎರಡೂ ಕಣ್ಣಿಗೆ ಪೊರೆ ಬಂತು. ರೊಟ್ಟಿ ಬಡಿಯುವಾಗ ಹಂಚಿಗೆ ಕೈ ತಾಗಿಸಿಕೊಳ್ಳುತ್ತಿದ್ದಳು. ಬೈಲಹೊಂಗಲದಲ್ಲಿ ಕಣ್ಣಿನ ಶಿಬಿರ ಇದೆ ಎಂದು ನಾನು ಹೇಳಿದಾಗ ಮನೆಯವರ ಮುಖ ನೋಡಬೇಕಿತ್ತು. "ಈ ವಯಸ್ಸಿನಾಗ ಕಣ್ಣ ತಗೊಂಡ ಏನ ಮಾಡಬೇಕಾಗೇತಿ? ಪೇಪರ್ ಓದ್ತಾಳೇನ?" ಎಂದ ಕಾಕಾ. ಆಮೇಲೆ ನಿಜ ಹೊರಬಿತ್ತು: "ಆಪರೇಶನ್ ಆದ್ರ ತಿಂಗಳತನಕಾ ಒಲಿ ಮುಂದ ಕುಂದರಬಾರ್ದು ಅಂತಾರಂತ. ಅಲ್ಲೀತನಕಾ ರೊಟ್ಟಿ ಬಡಿಯೋರ ಯಾರು?" ಆಪರೇಶನ್ನಿಗೆ ವಯಸ್ಸಾಗಿದೆ, ಮನೆಮಂದಿಯ ರೊಟ್ಟಿಗೆ ಆಗಿಲ್ಲ!

ನಾನು ಜಗಳಾಡಿ ಕರೆದುಕೊಂಡು ಹೋದೆ. ಕಾಕಾ ಕೂಡ ಬಂದ, ಮನೆಯ ಗಂಡಸು ಅಂತ. ಡಾಕ್ಟರು ಆಯಿಗೆ, "ಎಷ್ಟು ಮಟ್ಟಿಗೆ ಕಾಣತೈತ್ರಿ?" ಎಂದರು.

"ಬೇಶ್ ಕಾಣತೈತ್ರಿ ಸಾಹೇಬ್ರ. ಸೂಜಿ ಪೋಣಸ್ತಾಳ," ಎಂದ ಕಾಕಾ.

ಆಯಿ ಸೆರಗು ಸರಿಮಾಡಿಕೊಂಡು ಸುಮ್ಮನೆ ಕುಳಿತಳು. ಡಾಕ್ಟರು ಮುಂದಿನವರನ್ನು ಕರೆಯಲು ಕೈ ಎತ್ತಿದರು. ಅವರು ಬಂದು ಕುಳಿತರೆ ಆಯಿಯ ಕಣ್ಣಿನ ಕಥೆ ಅಲ್ಲಿಗೆ ಮುಗಿಯಿತು. ಹಾಲಿನ ಕ್ಯಾನುಗಳ ನಡುವೆ ನಿಂತ ಅಷ್ಟೂ ಬೆಳಗುಗಳು ನನ್ನನ್ನು ಮುಂದಕ್ಕೆ ನೂಕಿದವು.

"ಕಾಕಾ, ನೀವು ಚೂರ ಹೊರಗ ಹೋಗಿ ಕುಂದರ್ರಿ."

"ಯಾಕ?"

"ಡಾಕ್ಟರು ಕೇಳಿದ್ದು ಆಯೀನ್ನ. ಕಣ್ಣ ಆಕೀವು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾಕಾ ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಹೊರಗೆ ನಡೆದ. ಬಾಗಿಲು ದಾಟುವವರೆಗೂ ಆಯಿ ತುಟಿ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದ್ದು ಮುಚ್ಚಲೇ ಇಲ್ಲ. "ಸೂಜಿ ಎಲ್ಲೀದೋ ನನ್ನಪ್ಪಾ, ಮೊಮ್ಮಗನ ಮಾರೀನಽ ಧ್ವನಿ ಕೇಳಿ ಗುರ್ತು ಹಿಡೀತೇನಿ" ಎಂದು ಶುರು ಮಾಡಿದವಳು ಮಂಡಿನೋವು, ಸೊಸೆಯ ಸಾರು, ಸತ್ತ ಗಂಡನ ಸಿಟ್ಟು ಎಲ್ಲ ಹೇಳಿ ಮುಗಿಸಿದಳು. ಆಪರೇಶನ್ ಆಯಿತು. ಅಷ್ಟು ದಿನ ಹೆಂಡತಿ, ನಮ್ಮ ಕಾಕೂ, ಬಡಿದ ರೊಟ್ಟಿಯನ್ನು ಕಾಕಾ ಮಾತಿಲ್ಲದೆ ತಿಂದ.

ಹಸಿರುಪಟ್ಟಿ ಬಿಚ್ಚಿದ ಮೇಲೆ ಆಯಿಯನ್ನು ನೋಡಲು ಮುನವಳ್ಳಿಯಿಂದ ಅವಳ ಅಕ್ಕ, ನಮ್ಮ ದೊಡ್ಡಾಯಿ ಬಂದಳು. ಗೋಡೆ ತಡವುತ್ತ ಒಳಗೆ ಬಂದ ಆಕೆಯ ಕಣ್ಣಲ್ಲೂ ಅದೇ ಬಿಳಿ. ನಾನು ಹುರುಪಿನಿಂದ, "ದೊಡ್ಡಾಯಿ, ನೀನೂ ಆಪರೇಶನ್ ಮಾಡಿಸ್ಕೊಳ್ತೀಯೇನ?" ಎಂದೆ.

ಹೊಸ ಕಣ್ಣಿನಿಂದ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಆಯಿ ಹೇಳಿದಳು: "ಅಕೀಗ್ಯಾಕ ಬಿಡಬೇ. ಅಕೀಗೆ ವಯಸ್ಸಾಗೇತಿ."

ದೊಡ್ಡಾಯಿ ಸೆರಗು ಸರಿಮಾಡಿಕೊಂಡು ಸುಮ್ಮನೆ ಕುಳಿತಳು.

ನಾನು ಎದ್ದು ನಿಂತೆ.

"ಆಯಿ," ಎಂದೆ, "ನೀ ಚೂರ ಹೊರಗ ಹೋಗಿ ಕುಂದರ."