ಹೊಸ ಡ್ರಮ್ಮರ್‌ನ ಬಡಿತ

ಮೊನ್ನೆ ಸಿಕಂದರಾಬಾದಿನ ಗುಜರಿ ಅಂಗಡಿಯೊಂದರಲ್ಲಿ ಕಾಕಾನ ಬಳಿ ಇದ್ದಂಥದೇ ಹಾರ್ಡ್ ರಾಕ್ ಕ್ಯಾಸೆಟ್ಟು ಕಂಡಿತು. ಅದೇ ಕಪ್ಪು ಕವರು, ಅದೇ ಉದ್ದ ಕೂದಲಿನ ನಾಲ್ವರು.

ಅವ್ವ ತೀರಿಕೊಂಡ ಮೇಲೆ ಅಪ್ಪ ಚಿಕ್ಕವ್ವನನ್ನು ಮದುವೆಯಾಗಿ ಕೂಕಟ್‌ಪಲ್ಲಿಯ ಮನೆಗೆ ಕರೆತಂದ ವರ್ಷವೇ ಕಾಕಾ ಅದನ್ನು ತಂದಿದ್ದ. ಆ ಬ್ಯಾಂಡಿನ ಹಳೇ ಡ್ರಮ್ಮರ್ ಬಿಟ್ಟುಹೋಗಿ, ಇದರಲ್ಲಿ ಹೊಸಬ ಬಾರಿಸಿದ್ದನಂತೆ. ಆ ಸಿಟ್ಟಿಗೆ ಕಾಕಾ ವಾರಗಟ್ಟಲೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕನ್ನೂ ಬಿಚ್ಚಲಿಲ್ಲ. ಆಮೇಲೆ ಒಂದು ಭಾನುವಾರ ಹಚ್ಚಿದವನು ಎರಡೂ ಬದಿ ತಿರುಗಿಸಿ ತಿರುಗಿಸಿ ಕೇಳಿದ.

ಅಡುಗೆಮನೆಯಲ್ಲಿ ಚಿಕ್ಕವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವ್ವನದು ಚಟಪಟ ಬಡಿತ. ಇವಳದು ನಿಧಾನ, ಭಾರ. ಆ ಸದ್ದು ಕೇಳಿದರೇ ನಾನು ತಟ್ಟೆ ದೂಡುತ್ತಿದ್ದೆ.

"ರೊಟ್ಟಿ ಯಾಕ ಒಲ್ಲೆ ಅಂತಿ?" ಎಂದ ಕಾಕಾ.

"ಅವ್ವನಂಗ ಬಡಿಯಾಕ ಬರಂಗಿಲ್ಲ ಆಕಿಗೆ."

"ಈ ಹೊಸ ಡ್ರಮ್ಮರ್‌ಗೂ ಹಳೇವ್ನಂಗ ಬಾರಸಾಕ ಬರಂಗಿಲ್ಲ. ಇದರಾಗ ಅವನ್ನ ಹುಡುಕೋದು ಬಿಟ್ಟಮ್ಯಾಲೆ ಇವಂದು ಕೇಳಿಸಾಕತ್ತೈತಿ ನೋಡು. ಭಾಳ ಛಲೋ ಐತಿ."

ಅಡುಗೆಮನೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಆ ದಿನ ನಾನು ಅರ್ಧ ರೊಟ್ಟಿ ತಿಂದೆ.

ಮೊನ್ನೆ ಕ್ಯಾಸೆಟ್ಟು ಕೊಳ್ಳಲಿಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಸಂಜೆ ನಾನು ರೊಟ್ಟಿ ಬಡಿಯುವಾಗ ಮಗಳು ಹೇಳಿದಳು: "ಮಮ್ಮಿ, ನೀ ಥೇಟ್ ಅಜ್ಜಿಯಂಗ ಬಡಿತಿ."

ಅವಳಿಗೆ ಗೊತ್ತಿರುವ ಅಜ್ಜಿ ಚಿಕ್ಕವ್ವ ಒಬ್ಬಳೇ.