ಸೆರಿಟೋಸಿನ ಮಾಜಿ ಅಧ್ಯಕ್ಷರು

ಅಮೆರಿಕದ ಸೆರಿಟೋಸಿನಲ್ಲಿರುವ ಮಗಳ ಮನೆಗೆ ಬಂದಿರುವ ಸಂಗನಬಸಪ್ಪನವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಧ್ಯಕ್ಷಗಿರಿ ಗೊತ್ತು. ಹಗರಣಕ್ಕೆ ಸಿಕ್ಕಿದ ಇಲ್ಲಿನ ಅಧ್ಯಕ್ಷರನ್ನು ಸಂಸತ್ತು ವಿಚಾರಣೆಗೆ ಎಳೆದಂದಿನಿಂದ ಅವರು ಬೆಳಗಿನ ಆರಕ್ಕೇ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ತಮ್ಮನ್ನೇ ಸಾಕ್ಷಿಗೆ ಕರೆದಂತೆ ಟಿವಿ ಎದುರು ಕೂರುತ್ತಾರೆ. ಪಕ್ಕದ ಮನೆಯ ನಾನು ಚಹಾಕ್ಕೆ ಹೋದರೆ ನನಗೇ ವಿವರಿಸುತ್ತಾರೆ: “ನೀರು ಕುಡದಾ ನೋಡ್ರಿ, ಇನ್ನ ಸುಳ್ಳ ಹೇಳ್ತಾನ.” ಟೈ ಸರಿಮಾಡಿಕೊಂಡವನು ಪಕ್ಷ ಬದಲಿಸುತ್ತಾನಂತೆ, ಕಾಗದ ತಿರುವುವವನು ಏನೂ ಓದಿಕೊಂಡು ಬಂದಿಲ್ಲವಂತೆ. ಅಧ್ಯಕ್ಷರದು ತಪ್ಪೇ ಎಂದು ಕೇಳಿದರೆ ಮಾತ್ರ ದನಿ ತಗ್ಗಿಸಿ, “ಖುರ್ಚಿ ಮ್ಯಾಲೆ ಕುಂತಾಗ ತಪ್ಪು ತಪ್ಪಂತ ಅನಸೂದಿಲ್ಲರಿ” ಎನ್ನುತ್ತಾರೆ. ಊರಿನ ಪಂಚಾಯ್ತಿ ಅಧ್ಯಕ್ಷರಾಗಿದ್ದಾಗ ಶಾಲೆಗೆ ಮಂಜೂರಾದ ಬೋರ್‌ವೆಲ್ಲನ್ನು ಸ್ವಂತ ಹಿತ್ತಲಲ್ಲಿ ಕೊರೆಸಿ, ಅವಿಶ್ವಾಸ ನಿರ್ಣಯದಲ್ಲಿ ಒಂದೇ ವೋಟಿನಿಂದ ಖುರ್ಚಿ ಕಳೆದುಕೊಂಡವರು ಅವರು. ಅದನ್ನು ಹೊಟ್ಟೆ ಕುಣಿಸಿ ನಗುತ್ತ ಹೇಳಿ, “ಇಷ್ಟ ಮಂದಿ ಅದಾರಲ್ರಿ ಅಲ್ಲಿ, ನಮ್ಮ ಮನ್ಯಾಕಿಯಂಥ ಮೆಂಬರ್ ಒಬ್ಬರೂ ಇಲ್ಲ” ಎಂದು ಸೇರಿಸುತ್ತಾರೆ. ಅದೇ ಪಂಚಾಯ್ತಿಯ ಸದಸ್ಯೆಯಾಗಿದ್ದ ಅವರ ಹೆಂಡತಿ ಶಿವಕ್ಕ ಪಕ್ಕದಲ್ಲೇ ಮೆಂತ್ಯಸೊಪ್ಪು ಸೋಸುತ್ತಿರುತ್ತಾರೆ. ಟಿವಿಯಲ್ಲಿ ವೋಟು ಎಂಬ ಪದ ಕೇಳಿದ ಕೂಡಲೇ ಸಂಗನಬಸಪ್ಪನವರು ಅತ್ತ ತಿರುಗಿ, “ಏನಂತಿ?” ಎಂದು ಹೆಂಡತಿಯನ್ನು ಕೇಳುತ್ತಾರೆ. ಆಕೆ ತಲೆಯೆತ್ತದೆ, ಅಂದು ಗಂಡನನ್ನು ಕೆಳಗಿಳಿಸಿದ ಕೈಯನ್ನು ಸೊಪ್ಪಿನ ಸಮೇತ ಮೇಲೆತ್ತುತ್ತಾರೆ.